ಪ್ರಾಮಾಣಿಕ ಎನ್ನುವುದಕ್ಕೆ ಪ್ರಮಾಣ ಎಲ್ಲಿ?

ಜಿಲ್ಲಾ ಪುಟದ ಸುದ್ದಿ ತಿದ್ದುವ ನನ್ನ ಮೇಜಿಗೆ ಆಗಾಗ ಒಂದು ಶೀರ್ಷಿಕೆ ಬಂದೇ ಬರುತ್ತದೆ: ‘ಪ್ರಾಮಾಣಿಕತೆ ಮೆರೆದ ಆಟೊ ಚಾಲಕ’. ಕೆಲವೊಮ್ಮೆ ಆಟೊ ಚಾಲಕನ ಬದಲು ಬಸ್ ನಿರ್ವಾಹಕ, ಪೌರಕಾರ್ಮಿಕ ಮಹಿಳೆ ಅಥವಾ ಹೋಟೆಲಿನ ಹುಡುಗ. ಚಿತ್ರ ಮಾತ್ರ ಹೆಚ್ಚುಕಡಿಮೆ ಒಂದೇ. ಠಾಣೆಯ ಮೇಜು, ಅದರ ಮೇಲೆ ಯಾರೋ ಮರೆತುಹೋಗಿದ್ದ ಬ್ಯಾಗು, ಒಂದು ಪಕ್ಕ ಅದನ್ನು ಕಳೆದುಕೊಂಡವರು, ಇನ್ನೊಂದು ಪಕ್ಕ ಇನ್‌ಸ್ಪೆಕ್ಟರ್, ನಡುವೆ ಖಾಕಿ ಅಂಗಿಯ ಮೇಲ್ಗುಂಡಿ ಹಾಕಿಕೊಂಡು ಕ್ಯಾಮೆರಾ ನೋಡಲು ನಾಚುತ್ತಿರುವ ಚಾಲಕ. ಸುದ್ದಿಯಲ್ಲಿ ಎಲ್ಲ ಲೆಕ್ಕವೂ ಇರುತ್ತದೆ. ಎಷ್ಟು ಗ್ರಾಂ ಚಿನ್ನ, ಎಷ್ಟು ನಗದು, ಪ್ರಯಾಣಿಕರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಎಷ್ಟು ಹೊತ್ತಿಗೆ ಬ್ಯಾಗು ವಾಪಸು ಬಂತು.

ಅದೇ ರಾತ್ರಿ ಅದೇ ಪುಟಕ್ಕೆ ಇನ್ನೊಂದು ಸುದ್ದಿ ಬಂದಿರುತ್ತದೆ: ‘ದಕ್ಷ, ಪ್ರಾಮಾಣಿಕ ಅಧಿಕಾರಿ ವರ್ಗಾವಣೆ: ಸಾರ್ವಜನಿಕರ ಆಕ್ರೋಶ’. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರೂ ಆ ಅಧಿಕಾರಿ ಏನು ಮಾಡಿದರು ಎನ್ನುವುದು ಸಿಗುವುದಿಲ್ಲ. ದಕ್ಷತೆ ಯಾವ ಕಡತದಲ್ಲಿ ಕಂಡಿತು, ಪ್ರಾಮಾಣಿಕತೆ ಯಾವ ದಿನ ಗೊತ್ತಾಯಿತು, ಒಂದು ಸಾಲೂ ಇಲ್ಲ. ಜಯಂತಿ ಭಾಷಣದಲ್ಲಿ, ಬೀಳ್ಕೊಡುಗೆಯ ಫ್ಲೆಕ್ಸಿನಲ್ಲಿ, ಚುನಾವಣೆಯ ಕರಪತ್ರದಲ್ಲಿ ಇದೇ ಜೋಡಿ ಪದ ಹೆಸರಿನ ಹಿಂದಿನ ‘ಶ್ರೀ’ಯಂತೆ ತಾನಾಗಿಯೇ ಬಂದು ಕೂತಿರುತ್ತದೆ.

ಪದ ಒಂದೇ. ಆಟೊ ಚಾಲಕನಿಗೆ ಅದು ದಕ್ಕಬೇಕಾದರೆ ಸಾಕ್ಷಿ, ಮೊತ್ತ, ಠಾಣೆ, ಫೋಟೊ ಎಲ್ಲವೂ ಬೇಕು. ಕುರ್ಚಿ ಇದ್ದವರಿಗೆ ಏನೂ ಬೇಡ. ಇದು ಆ ಪದಕ್ಕೇ ಮಾಡಿದ ಅನ್ಯಾಯ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಏಕೆಂದರೆ ಕನ್ನಡದಲ್ಲಿ ಒಳ್ಳೆಯತನವನ್ನು ಹೇಳುವ ಎಷ್ಟೋ ಪದಗಳಿದ್ದರೂ, ಸಾಕ್ಷಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹುಟ್ಟಿದ್ದು ಇದು.

‘ಪ್ರಾಮಾಣಿಕ’ದ ಬೇರು ಸಂಸ್ಕೃತದ ‘ಮಾ’ ಎಂಬ ಧಾತು. ಅದರ ಅರ್ಥ ಅಳೆ. ಮಾನ, ಮಾಪನ, ಮಾತ್ರೆ, ಪರಿಮಾಣ, ಉಪಮಾನ, ಅನುಮಾನ ಎಲ್ಲವೂ ಇದೇ ಮನೆಯ ಮಕ್ಕಳು. ಯಾವುದರಿಂದ ಸರಿಯಾಗಿ ಅಳೆದು ತಿಳಿಯುತ್ತೇವೋ ಅದು ಪ್ರಮಾಣ. ಪ್ರಮಾಣಕ್ಕೆ ಸೇರಿದ್ದು, ಪ್ರಮಾಣದ ಮೇಲೆ ನಿಂತದ್ದು ಪ್ರಾಮಾಣಿಕ. ಸಮಾಜದಿಂದ ಸಾಮಾಜಿಕ ಆದಂತೆ, ವ್ಯವಹಾರದಿಂದ ವ್ಯಾವಹಾರಿಕ ಆದಂತೆ ಇಲ್ಲಿಯೂ ಮೊದಲ ಅಕ್ಷರ ದೀರ್ಘವಾಗುತ್ತದೆ. ಈ ದೀರ್ಘವನ್ನು ನುಂಗಿ ‘ಪ್ರಮಾಣಿಕ’, ‘ಪ್ರಮಾಣಿಕತೆ’ ಎಂದು ಬರೆಯುವುದು ಎಷ್ಟು ಸಾಮಾನ್ಯವಾಗಿದೆಯೆಂದರೆ, ನಾನು ದಿನಕ್ಕೆ ಒಂದೆರಡನ್ನಾದರೂ ತಿದ್ದುತ್ತೇನೆ. ಅದು ಬರೀ ಕಾಗುಣಿತದ ಹಟವಲ್ಲ. ‘ಪ್ರಾ’ ಎಂಬ ಆ ದೀರ್ಘವೇ ‘ಇದು ಪ್ರಮಾಣದಿಂದ ಬಂದದ್ದು’ ಎಂದು ಹೇಳುವ ಗುರುತು.

ಅಳತೆ ಅಂದೆನಲ್ಲ, ಸಂತೆಯಲ್ಲಿ ತರಕಾರಿ ತೂಗುವವರ ಬಳಿ ಹಳೆಯ ಕಬ್ಬಿಣದ ತೂಕದ ಬಟ್ಟು ಇದ್ದರೆ ಒಮ್ಮೆ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಅದರಲ್ಲಿ ಒಂದು ಗುಳಿ, ಗುಳಿಯೊಳಗೆ ಸೀಸ, ಸೀಸದ ಮೇಲೆ ಒತ್ತಿದ ಚಿಕ್ಕ ಮುದ್ರೆ ಕಾಣುತ್ತದೆ. ತೂಕವನ್ನು ಗುಣಮಟ್ಟದ ಬಟ್ಟಿನ ಜೊತೆ ಹೋಲಿಸಿ, ಹೆಚ್ಚುಕಡಿಮೆ ಇದ್ದರೆ ಆ ಸೀಸದಲ್ಲಿ ಸರಿಮಾಡಿ, ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಒತ್ತಿರುತ್ತದೆ. ಒಮ್ಮೆ ಒತ್ತಿದರೆ ಜನ್ಮಕ್ಕಾಯಿತು ಎಂದಲ್ಲ. ಉಜ್ಜಿ ಉಜ್ಜಿ ಕಬ್ಬಿಣವೂ ಸವೆಯುತ್ತದೆ, ಆದ್ದರಿಂದ ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆ, ಮತ್ತೆ ಮುದ್ರೆ. ಮುದ್ರೆ ಇಲ್ಲದ ಬಟ್ಟಿನಲ್ಲಿ ತೂಗಿದರೆ ದಂಡ. ಒಂದು ಕಿಲೊ ಬದನೆಕಾಯಿಗೆ ನಾವು ಇಷ್ಟು ಜಾಗರೂಕರು.

ದರ್ಶನಶಾಸ್ತ್ರದವರು ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಒಂದು ಮಾತನ್ನು ಒಪ್ಪುವ ಮೊದಲು ಅದು ಯಾವ ದಾರಿಯಿಂದ ತಿಳಿಯಿತು ಎಂದು ಕೇಳುವುದು ಅವರ ಪದ್ಧತಿ. ಚಾರ್ವಾಕರಿಗೆ ಪ್ರತ್ಯಕ್ಷ, ಅಂದರೆ ಇಂದ್ರಿಯಗಳಿಗೆ ನೇರ ಕಂಡದ್ದು, ಒಂದೇ ಪ್ರಮಾಣ. ನ್ಯಾಯದರ್ಶನಕ್ಕೆ ಪ್ರತ್ಯಕ್ಷ, ಗುರುತಿನಿಂದ ತರ್ಕಿಸಿ ತಿಳಿಯುವ ಅನುಮಾನ, ಹೋಲಿಕೆಯಿಂದ ತಿಳಿಯುವ ಉಪಮಾನ, ನಂಬಲರ್ಹರ ಮಾತಾದ ಶಬ್ದ ಎಂದು ನಾಲ್ಕು. ಅದ್ವೈತಿಗಳು ಆರರವರೆಗೆ ಹೋಗುತ್ತಾರೆ. ನಮ್ಮ ಉಡುಪಿಯ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ (ಶಾಸ್ತ್ರವಚನ) ಎಂದು ಮೂರಕ್ಕೆ ನಿಲ್ಲಿಸಿದರು, ಪ್ರಮಾಣದ ಲಕ್ಷಣ ಹೇಳುವುದಕ್ಕೇ ಒಂದು ಕಿರುಗ್ರಂಥ ಬರೆದರು. ಈ ವಾದಗಳ ಲೋಕದಲ್ಲಿ ‘ಪ್ರಾಮಾಣಿಕ’ ಎಂದರೆ ಒಳ್ಳೆಯವನು ಎಂದಲ್ಲ, ಆಧಾರವುಳ್ಳದ್ದು ಎಂದು. ‘ನಿನ್ನ ಮಾತು ಅಪ್ರಾಮಾಣಿಕ’ ಎಂದರೆ ನೀನು ವಂಚಕ ಎಂಬ ಬೈಗುಳವಲ್ಲ, ಆಧಾರ ಕೊಡು ಎಂಬ ಸವಾಲು.

ಅಕ್ಕಪಕ್ಕದ ಭಾಷೆಗಳಲ್ಲಿ ಈ ಪದ ಬೇರೆ ಬೇರೆ ದಾರಿ ಹಿಡಿದಿದೆ. ಹಿಂದಿಯಲ್ಲಿ ‘ಪ್ರಾಮಾಣಿಕ’ ಎಂದರೆ ಇಂದಿಗೂ ಅಧಿಕೃತ, ಆಧಾರಸಹಿತ ಎಂದೇ ಅರ್ಥ. ನಾವು ಹೇಳುವ ಅರ್ಥಕ್ಕೆ ಅವರು ‘ಈಮಾನ್‌ದಾರ್’ ಎನ್ನುತ್ತಾರೆ. ತೆಲುಗಿನಲ್ಲಿ ‘ಪ್ರಾಮಾಣಿಕ’ ಎಂದರೆ ಶಿಷ್ಟ, ಮಾನಕ ಎಂಬ ಕಡೆಗೆ ಹೋಯಿತು. ಹೈದರಾಬಾದಿನಲ್ಲಿರುವ ಕನ್ನಡಿಗರು ಮನುಷ್ಯನೊಬ್ಬನನ್ನು ಹಾಗೆ ಕರೆಯಲು ಹೋಗಿ ‘ನಿಜಾಯಿತೀ’ ಎಂಬ ಪದ ಕಲಿತು ಬರುತ್ತಾರೆ. ಮಲಯಾಳದಲ್ಲಿ ‘ಪ್ರಮಾಣಿ’ ಊರಿನ ದೊಡ್ಡ ಕುಳ, ಪ್ರಭಾವಿ. ಬಂಗಾಳದಲ್ಲಿ ‘ಪ್ರಾಮಾಣಿಕ್’ ಒಂದು ಮನೆತನದ ಹೆಸರೂ ಹೌದು. ಮರಾಠಿ, ಗುಜರಾತಿಯವರು ಮಾತ್ರ ನಮ್ಮ ಜೊತೆಗಿದ್ದಾರೆ. ಅಲ್ಲಿಯೂ ಇದು ಮನುಷ್ಯನ ನಡತೆಯ ಪದ.

ಆಧಾರ ಎಂಬ ಅರ್ಥದ ಪದ ನಡತೆಯ ಪದವಾದದ್ದು ಹೇಗೆ? ನನ್ನ ಊಹೆ ಇದು: ‘ಪ್ರಮಾಣ’ಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವಿದೆ, ಆಣೆ. ದೇವರ ಮುಂದೆ ಪ್ರಮಾಣ ಮಾಡುವುದು ಎಂದರೆ ಬೇರೆ ಸಾಕ್ಷಿ ಇಲ್ಲದಾಗ ಬಾಯಿಮಾತನ್ನೇ ಸಾಕ್ಷಿಯಾಗಿ ನಿಲ್ಲಿಸುವುದು. ಯಾರ ಮಾತಿಗೆ ಬೇರೆ ಸಾಕ್ಷಿ ಬೇಡವೋ, ಯಾರ ಮಾತೇ ಪ್ರಮಾಣವೋ, ಅವನು ಪ್ರಾಮಾಣಿಕ. ಹೀಗೆ ನೋಡಿದರೆ ಇದು ಭಾರವಾದ ಪದ. ಊರು ಹತ್ತಾರು ವರ್ಷ ಒಬ್ಬನನ್ನು ನೋಡಿ, ಒರೆಗೆ ಹಚ್ಚಿ, ಕೊನೆಗೆ ‘ಅವನ ಮಾತು ಸಾಕು’ ಎಂದು ಒಪ್ಪಿದ ಮೇಲೆ ಕೊಡುವ ಮರ್ಯಾದೆ.

ಆಣೆಯ ಬಲ ಎಷ್ಟಿತ್ತೆಂದರೆ ಬ್ರಿಟಿಷರ ಕಾನೂನೂ ಅದಕ್ಕೆ ತಲೆಬಾಗಿತ್ತು. 1873ರ ಪ್ರಮಾಣವಚನ ಕಾಯ್ದೆಯಲ್ಲಿ ಒಂದು ವಿಶೇಷ ಏರ್ಪಾಡಿತ್ತು. ವ್ಯಾಜ್ಯದ ಒಬ್ಬ ಕಕ್ಷಿದಾರ, ‘ಎದುರಾಳಿ ತನ್ನ ನಂಬಿಕೆಯ ಆಣೆ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ’ ಎಂದು ನ್ಯಾಯಾಲಯದಲ್ಲಿ ಹೇಳಬಹುದಿತ್ತು. ಎದುರಾಳಿ ಹಾಗೆ ಆಣೆ ಮಾಡಿ ನುಡಿದರೆ, ಒಪ್ಪಿದವನ ಮಟ್ಟಿಗೆ ಅದೇ ಅಂತಿಮ ಸಾಕ್ಷ್ಯ. 1969ರಲ್ಲಿ ಬಂದ ಹೊಸ ಕಾಯ್ದೆ ಈ ಏರ್ಪಾಡನ್ನು ಕೈಬಿಟ್ಟಿತು. ಅಂದಿನಿಂದ ಕಟಕಟೆಯ ಪ್ರಮಾಣ ಸಾಕ್ಷಿ ಹೇಳುವ ಮೊದಲಿನ ಒಂದು ವಿಧಿ, ಪ್ರಮಾಣ ಮಾಡಿದ್ದರಿಂದಲೇ ಹೇಳಿದ್ದು ನಿಜವಾಗುವುದಿಲ್ಲ. ನ್ಯಾಯಾಲಯ ಇದನ್ನು ಒಪ್ಪಿ ಅರ್ಧ ಶತಮಾನ ದಾಟಿತು. ನಮ್ಮ ರಾಜಕೀಯ ಇನ್ನೂ ಒಪ್ಪಿಲ್ಲ. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮತ್ತು ಎಚ್.ಡಿ. ಕುಮಾರಸ್ವಾಮಿ ಪರಸ್ಪರ ಆರೋಪಗಳ ಸತ್ಯಾಸತ್ಯತೆಗೆ ಧರ್ಮಸ್ಥಳದ ಮಂಜುನಾಥನ ಸನ್ನಿಧಿಗೆ ಹೋದದ್ದನ್ನು ಇಡೀ ರಾಜ್ಯ ಟಿ.ವಿ. ಮುಂದೆ ಕೂತು ನೋಡಿತು. ಕೊನೆಗೆ ಇಬ್ಬರೂ ದರ್ಶನ ಮಾಡಿದರೇ ಹೊರತು ಆಣೆ ಮಾಡಲಿಲ್ಲ. ಆಮೇಲೂ ‘ಬಂದು ಆಣೆ ಮಾಡಲಿ’ ಎಂಬ ಸವಾಲು ಪಕ್ಷಭೇದವಿಲ್ಲದೆ ಕೇಳಿಬರುತ್ತಲೇ ಇದೆ. ಭಕ್ತರ ಪಾಲಿಗೆ ಅದು ಎಂಥ ದೊಡ್ಡ ಮಾತು ಎಂದು ಗೊತ್ತಿದ್ದೇ ಹೇಳುತ್ತೇನೆ: ಸಾರ್ವಜನಿಕ ಹಣದ ಲೆಕ್ಕಕ್ಕೆ ದೇವರನ್ನು ಜಾಮೀನು ನಿಲ್ಲಿಸುವುದು ದೇವರಿಗೂ ಗೌರವವಲ್ಲ, ಲೆಕ್ಕಕ್ಕೂ ಅಲ್ಲ.

ಇಲ್ಲಿ ಇನ್ನೊಂದು ಪದವನ್ನು ಪಕ್ಕಕ್ಕೆ ಇಟ್ಟು ನೋಡಲೇಬೇಕು. ಅದು ನಿಯತ್ತು. ಹಳ್ಳಿಯಲ್ಲಿ ‘ಪ್ರಾಮಾಣಿಕ’ ಎನ್ನುವವರಿಗಿಂತ ‘ನಿಯತ್ತಿನ ಮನುಷ್ಯ’ ಎನ್ನುವವರೇ ಹೆಚ್ಚು. ಅರಬ್ಬಿಯ ಮೂಲದಲ್ಲಿ ನಿಯತ್ ಎಂದರೆ ಸಂಕಲ್ಪ, ಉದ್ದೇಶ. ನಮಾಜು, ರೋಜಾಗಳಿಗೆ ಮೊದಲು ಮನಸ್ಸಿನಲ್ಲಿ ಮಾಡಿಕೊಳ್ಳುವುದು ಅದನ್ನೇ. ಹಿಂದಿಯಲ್ಲಿ ನೀಯತ್ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಕನ್ನಡಕ್ಕೆ ಬಂದ ಮೇಲೆ ಅದು ಬರೀ ಒಳ್ಳೆಯದಾಯಿತು. ನಮ್ಮಲ್ಲಿ ಕೆಟ್ಟ ನಿಯತ್ತು ಎಂಬುದಿಲ್ಲ, ನಿಯತ್ತು ಇದೆ ಅಥವಾ ಇಲ್ಲ, ಅಷ್ಟೆ. ಜೊತೆಗೆ ಅದಕ್ಕೆ ಇನ್ನೊಂದು ಬಣ್ಣವೂ ಅಂಟಿತು. ‘ನಾಯಿಗಿರೋ ನಿಯತ್ತು ಮನುಷ್ಯನಿಗಿಲ್ಲ’ ಎನ್ನುವಾಗ ನಾವು ನಾಯಿಯ ಸತ್ಯಸಂಧತೆಯ ಮಾತಾಡುತ್ತಿಲ್ಲ, ಅನ್ನ ಹಾಕಿದವರನ್ನು ಅದು ಬಿಟ್ಟುಕೊಡುವುದಿಲ್ಲ ಎನ್ನುತ್ತಿದ್ದೇವೆ. ಉಂಡ ಮನೆಯ ಜಂತೆ ಎಣಿಸಬಾರದು, ತಿಂದ ಉಪ್ಪಿನ ಋಣ ಮರೆಯಬಾರದು, ಇವೆಲ್ಲ ನಿಯತ್ತಿನ ಸುತ್ತಲ ಮಾತುಗಳು.

ನಿಯತ್ತಿಗೆ ಯಾವಾಗಲೂ ಒಬ್ಬ ಯಜಮಾನ ಬೇಕು. ಯಾರಿಗೆ ನಿಯತ್ತು ಎಂದು ಕೇಳಬಹುದು. ಯಾರಿಗೆ ಪ್ರಾಮಾಣಿಕ ಎಂದು ಕೇಳಿದರೆ ಮಾತು ಕಿವಿಗೆ ಒಗ್ಗುವುದಿಲ್ಲ, ಏಕೆಂದರೆ ಪ್ರಾಮಾಣಿಕನಾದವನು ಎದುರಿಗೆ ಯಾರಿದ್ದರೂ ಹಾಗೆಯೇ ಇರಬೇಕು. ಗುತ್ತಿಗೆದಾರನ ಬಿಲ್ಲನ್ನು ಶಾಸಕರು ಹೇಳಿದರೆಂದು ಪಾಸು ಮಾಡಿದ ಎಂಜಿನಿಯರ್ ಶಾಸಕರಿಗೆ ನಿಯತ್ತಿನವನೇ. ಪಕ್ಷದ ಹುಳುಕನ್ನು ಹೊರಗೆ ಹೇಳದ ಕಾರ್ಯಕರ್ತನಿಗೂ ನಿಯತ್ತಿದೆ. ಅವರನ್ನು ಪ್ರಾಮಾಣಿಕರು ಎನ್ನಲಾಗದು. ಆದರೆ ಸನ್ಮಾನದ ವೇದಿಕೆಯಲ್ಲಿ, ‘ಮೂವತ್ತು ವರ್ಷದಿಂದ ಪಕ್ಷಕ್ಕಾಗಿ ದುಡಿದ ಪ್ರಾಮಾಣಿಕ ಮುಖಂಡ’ ಎಂದು ಹೇಳುವಾಗ ನಿಯತ್ತನ್ನೇ ಪ್ರಾಮಾಣಿಕತೆ ಎಂದು ಎಣಿಸಿ ಹಾರ ಹಾಕುತ್ತಿರುತ್ತೇವೆ. ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಈ ಬೆರಕೆ. ಪದದ ಹಿಂದಿದ್ದ ಸಾಕ್ಷಿ ಹೋಗಿ, ಆ ಜಾಗದಲ್ಲಿ ಯಜಮಾನ ಬಂದು ಕೂತಿದ್ದಾನೆ.

ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಮಂತ್ರಿಗಳ ಪ್ರಮಾಣವಚನವಿದೆ. ಅದನ್ನು ನಿಧಾನವಾಗಿ ಓದಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ‘ನಾನು ಪ್ರಾಮಾಣಿಕನಾಗಿರುತ್ತೇನೆ’ ಎಂದು ಅದು ಯಾರಿಂದಲೂ ಹೇಳಿಸುವುದಿಲ್ಲ. ನಿಷ್ಠೆ ಸಂವಿಧಾನಕ್ಕೆ ಎಂದು ಮೊದಲೇ ಸ್ಪಷ್ಟಪಡಿಸುತ್ತದೆ, ಅಂದರೆ ನಿಯತ್ತು ಯಾರಿಗೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಆಮೇಲೆ ಎಲ್ಲ ಬಗೆಯ ಜನರಿಗೂ ಭಯವಾಗಲಿ ಪಕ್ಷಪಾತವಾಗಲಿ, ರಾಗವಾಗಲಿ ದ್ವೇಷವಾಗಲಿ ಇಲ್ಲದೆ ನ್ಯಾಯ ಒದಗಿಸುತ್ತೇನೆ ಎಂದು ಹೇಳಿಸುತ್ತದೆ. ಬಿರುದು ಬೇಡ, ಕೆಲಸ ಹೇಳು ಎಂಬಂತಿದೆ ಅದರ ಧಾಟಿ.

ಹನ್ನೆರಡನೇ ಶತಮಾನದ ಶರಣೆ ಸತ್ಯಕ್ಕನ ಧಾಟಿಯೂ ಇದೇ. ಅಂಗಳ ಗುಡಿಸುವ ಕಾಯಕದವಳು ಆಕೆ ಎನ್ನುತ್ತಾರೆ. ‘ಲಂಚವಂಚನಕ್ಕೆ ಕೈಯಾನದ ಭಾಷೆ’ ಎಂದು ಶುರುಮಾಡಿ, ದಾರಿಯಲ್ಲಿ ಹೊನ್ನು, ವಸ್ತ್ರ ಬಿದ್ದಿದ್ದರೂ ಮುಟ್ಟಿ ಎತ್ತುವುದಿಲ್ಲ ಎಂದು ಆಣೆಯಿಡುತ್ತಾಳೆ. ಕೈಯಾನದ ಎಂದರೆ ಕೈಯೊಡ್ಡದ, ಭಾಷೆ ಎಂದರೆ ಅಲ್ಲಿ ಕೊಟ್ಟ ಮಾತು. ತಾನು ಸತ್ಯವಂತೆ ಎಂದು ಹೇಳಿಕೊಳ್ಳದೆ ಏನು ಮಾಡುವುದಿಲ್ಲ ಎನ್ನುವುದನ್ನು ವಸ್ತು ಸಮೇತ ಹೇಳಿದಳು. ಠಾಣೆಯ ಮೇಜಿನ ಮುಂದೆ ನಾಚಿ ನಿಂತ ಆಟೊ ಚಾಲಕನನ್ನು ನೋಡಿದಾಗೆಲ್ಲ ನನಗೆ ಈ ಸಾಲು ನೆನಪಾಗುತ್ತದೆ. ಅದೇ ದಾರಿ, ಅದೇ ಬಿದ್ದ ಹೊನ್ನು.

ಕೈಯಾನದ ಎಂದಳು. ಕನ್ನಡದಲ್ಲಿ ಈ ಗುಣ ಕೈಗೆ ಅಂಟಿಕೊಂಡೇ ಬಂದಿದೆ: ಕೈ ಶುದ್ಧ, ಕೈ ಸ್ವಚ್ಛ, ಕಚ್ಚೆ-ಕೈ-ಬಾಯಿ ಶುದ್ಧ. ಲೋಕಾಯುಕ್ತ ಪೊಲೀಸರು ಲಂಚ ಪಡೆಯುವವರನ್ನು ಹಿಡಿಯಲು ಟ್ರ್ಯಾಪ್ ಮಾಡುವಾಗ ಈ ನುಡಿಗಟ್ಟನ್ನು ಅಕ್ಷರಶಃ ಪರೀಕ್ಷಿಸುತ್ತಾರೆ. ದೂರುದಾರ ತಂದ ನೋಟುಗಳ ಸಂಖ್ಯೆಯನ್ನು ಪಂಚರ ಮುಂದೆ ಬರೆದುಕೊಂಡು ಅವುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ಪುಡಿ ಬಿಳಿ, ಬೆರಳಿಗೆ ಅಂಟಿದರೂ ಕಾಣುವುದಿಲ್ಲ. ಹಣ ಕೈಬದಲಾದ ಮೇಲೆ ಅಧಿಕಾರಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ತಿಳಿನೀರಿನ ಬಟ್ಟಲಲ್ಲಿ ಅದ್ದಿಸುತ್ತಾರೆ. ಪುಡಿ ತಾಗಿದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಸೀಸೆಗೆ ತುಂಬಿ, ಅರಗಿನ ಮುದ್ರೆ ಹಾಕಿ, ಮಹಜರು ಬರೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹೊಗಳಿಕೆ, ಫ್ಲೆಕ್ಸು, ಸನ್ಮಾನಪತ್ರ ಯಾವುದೂ ಆ ಬಟ್ಟಲೊಳಗೆ ಬರುವುದಿಲ್ಲ.

ಹಾಗೆಂದು ಬಣ್ಣವೊಂದೇ ಸಾಕಾಗುವುದಿಲ್ಲ. ಲಂಚ ಕೇಳಿದ್ದೂ ಪಡೆದದ್ದೂ ರುಜುವಾಗಬೇಕು. ಕೇಳಿದ್ದನ್ನು ಹೇಳಬೇಕಾದ ದೂರುದಾರನೇ ತೀರಿಕೊಂಡರೆ, ಅಥವಾ ಹೆದರಿ ಮಾತು ತಿರುಗಿಸಿದರೆ? ಈ ಪ್ರಶ್ನೆಗೆ 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಉತ್ತರ ಕೊಟ್ಟಿತು: ನೇರ ಸಾಕ್ಷ್ಯ ಸಿಗದಿದ್ದರೂ ಸಾಂದರ್ಭಿಕ ಸಾಕ್ಷ್ಯದಿಂದ ತೀರ್ಮಾನಕ್ಕೆ ಬರಬಹುದು. ನ್ಯಾಯದರ್ಶನದವರ ಭಾಷೆಯಲ್ಲಿ ಇದು ಪ್ರತ್ಯಕ್ಷ ಇಲ್ಲದಾಗ ಅನುಮಾನ ಪ್ರಮಾಣ, ಹೊಗೆ ಕಂಡು ಬೆಂಕಿಯನ್ನು ತಿಳಿಯುವುದು. ಇಂದಿನ ಕನ್ನಡದಲ್ಲಿ ‘ಅನುಮಾನ’ ಎಂದರೆ ಬರೀ ಸಂಶಯ. ತಿಳಿಯುವ ದಾರಿಯಾಗಿದ್ದ ಪದ ತಿಳಿಯದ ಸ್ಥಿತಿಯ ಪದವಾಯಿತು, ಸಾಕ್ಷಿಯ ಪದ ಹೊಗಳಿಕೆಯ ಪದವಾಯಿತು. ಎರಡೂ ಸವಕಲಾದದ್ದು ಒಟ್ಟಿಗೇ ಇರಬಹುದು.

ಪ್ರಮಾಣಪತ್ರದ ಕಥೆ ಇನ್ನೂ ಹತ್ತಿರದ್ದು. ಕನ್ನಡದಲ್ಲಿ ಎರಡು ಬೇರೆ ಕಾಗದಗಳಿಗೆ ಇದೊಂದೇ ಹೆಸರು. ಮಗಳ ವಿದ್ಯಾರ್ಥಿವೇತನಕ್ಕೆ ಕೂಲಿಯವನೊಬ್ಬ ಆದಾಯ ಪ್ರಮಾಣಪತ್ರ ಮಾಡಿಸಬೇಕೆಂದರೆ ನಾಡಕಚೇರಿಗೆ ಹೋಗಬೇಕು, ಅರ್ಜಿ ಕೊಡಬೇಕು, ಗ್ರಾಮ ಆಡಳಿತಾಧಿಕಾರಿ ವಿಚಾರಿಸಿ ವರದಿ ಕೊಡಬೇಕು, ತಹಶೀಲ್ದಾರರ ಸಹಿ ಬೀಳಬೇಕು. ತನ್ನ ಆದಾಯ ಇಷ್ಟು ಎಂದು ಅವನು ತಾನೇ ಹೇಳಿದರೆ ನಡೆಯುವುದಿಲ್ಲ. ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿಯೂ ಪ್ರಮಾಣಪತ್ರ ಕೊಡುತ್ತಾನೆ. ನಮೂನೆ 26ರಲ್ಲಿ ತನ್ನ, ಪತ್ನಿಯ, ಅವಲಂಬಿತರ ಆಸ್ತಿ, ಸಾಲ, ಐದು ವರ್ಷಗಳ ಆದಾಯ, ಮೇಲಿರುವ ಕ್ರಿಮಿನಲ್ ಪ್ರಕರಣ ಎಲ್ಲವನ್ನೂ ಬರೆಯುತ್ತಾನೆ. ಅದನ್ನು ಅವನೇ ಬರೆದುಕೊಳ್ಳುತ್ತಾನೆ, ನೋಟರಿ ಸಹಿ ಹಾಕುತ್ತಾರೆ. ಬರೆದದ್ದು ನಿಜವೇ ಎಂದು ಮನೆಗೆ ಹೋಗಿ ನೋಡುವವರಿಲ್ಲ. ಖಾಲಿ ಬಿಟ್ಟ ಜಾಗವಿದ್ದರೆ ಚುನಾವಣಾಧಿಕಾರಿ ಕೇಳಬಹುದು, ತುಂಬಿದ್ದು ಸುಳ್ಳು ಎಂಬ ಕಾರಣಕ್ಕೆ ನಾಮಪತ್ರ ತಿರಸ್ಕರಿಸುವುದು ಅವರ ಕೆಲಸವಲ್ಲ. ಸುಳ್ಳು ಬರೆದವರಿಗೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಲ್ಲಿ ಆರು ತಿಂಗಳವರೆಗಿನ ಸಜೆ ಅಥವಾ ದಂಡ ಅಥವಾ ಎರಡೂ ಉಂಟು. ಆದರೆ ಯಾರಾದರೂ ದೂರು ಕೊಟ್ಟು ಬೆನ್ನು ಹತ್ತಬೇಕು.

ಈ ಕಾಗದವೂ ಸುಮ್ಮನೆ ಬಂದದ್ದಲ್ಲ. ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರ ಮೇನಲ್ಲಿ ಹೇಳಿತು. ಸಂಸತ್ತು ಕಾಯ್ದೆ ತಿದ್ದಿ ಅದನ್ನು ಮೊಟಕುಗೊಳಿಸಲು ಹೊರಟಾಗ, 2003ರ ಮಾರ್ಚ್‌ನಲ್ಲಿ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಆದಾಯದ ಮೂಲವನ್ನೂ ಹೇಳಬೇಕು ಎಂಬುದು 2018ರ ಫೆಬ್ರುವರಿಯ ತೀರ್ಪು. ಇದಲ್ಲದೆ ನಮ್ಮ ರಾಜ್ಯದ ಶಾಸಕರು, ಸಚಿವರು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಸಲ್ಲಿಸಬೇಕೆಂದು 1984ರ ಲೋಕಾಯುಕ್ತ ಕಾಯ್ದೆಯೇ ಹೇಳುತ್ತದೆ. ಚುನಾವಣೆಯ ಪ್ರಮಾಣಪತ್ರಗಳಂತೂ ಆಯೋಗದ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಹಿಂದಿನ ಚುನಾವಣೆಯದನ್ನು, ಈ ಸಲದ್ದನ್ನು ಪಕ್ಕಪಕ್ಕ ಇಟ್ಟು ಒಂದು ಗಂಟೆ ಕೂತರೆ ಬಹಳಷ್ಟು ಅರ್ಥವಾಗುತ್ತದೆ. ನಾಮಪತ್ರದ ದಿನ ‘ಕೋಟಿ ಒಡೆಯ’ ಎಂದು ಮೊತ್ತವೊಂದನ್ನು ಎತ್ತಿ ಹಾಕಿ, ಮರುದಿನದಿಂದ ಅದೇ ವ್ಯಕ್ತಿಗೆ ‘ಸರಳ, ಸಜ್ಜನ, ಪ್ರಾಮಾಣಿಕ’ ಎಂದು ಬರೆಯುವವರು ಪತ್ರಿಕೆಯವರೇ, ಅಂದರೆ ನಾವೇ. ಪ್ರಮಾಣ ಒಂದು ಪುಟದಲ್ಲಿ, ಪ್ರಾಮಾಣಿಕ ಇನ್ನೊಂದು ಪುಟದಲ್ಲಿ. ಎರಡನ್ನೂ ಸೇರಿಸಿ ಓದುವವರಿಲ್ಲ.

ಇದರಿಂದ ಹೆಚ್ಚು ನಷ್ಟವಾಗುವುದು ನಿಜವಾಗಿ ಕೈ ಶುದ್ಧ ಇಟ್ಟುಕೊಂಡವರಿಗೆ. ಕೆರೆ ಒತ್ತುವರಿಯ ಸರ್ವೆ ಮಾಡಿಸಿ ಕಲ್ಲು ನೆಡಿಸಿದ ತಹಶೀಲ್ದಾರರಿಗೂ, ಮೂರು ವರ್ಷ ಯಾರ ತಂಟೆಗೂ ಹೋಗದೆ ಕಾಲ ಕಳೆದವರಿಗೂ ಬೀಳ್ಕೊಡುಗೆಯಲ್ಲಿ ಒಂದೇ ಜೋಡಿ ಪದ ಸಿಕ್ಕರೆ ಮೊದಲನೆಯವರ ಕೆಲಸ ಊರಿನ ನೆನಪಿನಲ್ಲಿ ಉಳಿಯುವುದು ಹೇಗೆ? ಅವರು ಹೋದ ಮೇಲೆ ಆ ಕಲ್ಲು ಕಿತ್ತರೆ ಕೇಳುವವರಿಗೆ ಹಿಡಿದು ತೋರಿಸಲು ಪತ್ರಿಕೆಯಲ್ಲಿ ಒಂದು ಸರ್ವೆ ನಂಬರಾದರೂ ಇರಬೇಕು. ‘ಪ್ರಾಮಾಣಿಕ’ ಎಂಬ ಒಂದು ಪದ ಯಾವ ಕೆರೆಯನ್ನೂ ಕಾಯುವುದಿಲ್ಲ.

ಈಚೆಗೆ ನಾನೊಂದು ಅಭ್ಯಾಸ ಮಾಡಿಕೊಂಡಿದ್ದೇನೆ. ‘ದಕ್ಷ, ಪ್ರಾಮಾಣಿಕ’ ಎಂದು ಬಂದ ಕೂಡಲೇ ಅಳಿಸುವುದಿಲ್ಲ, ವರದಿಗಾರರಿಗೆ ಫೋನ್ ಮಾಡುತ್ತೇನೆ. ಮೊನ್ನೆ ತಾಲ್ಲೂಕೊಂದರಿಂದ ಅಂಥದೇ ವರ್ಗಾವಣೆಯ ಸುದ್ದಿ ಬಂತು. ‘ಅವರು ಏನು ಮಾಡಿದ್ದರು?’ ಎಂದೆ. ‘ಎಲ್ಲರೂ ಹೇಳ್ತಾರೆ ಸಾರ್, ಬಹಳ ಪ್ರಾಮಾಣಿಕರಂತೆ’ ಎಂದ ಹುಡುಗ. ಎಲ್ಲರೂ ಅಂದರೆ ಯಾರು, ಒಂದು ಕೆಲಸ ಹೇಳು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೇಳ್ಕೊಂಡು ಬರ್ತೀನಿ’ ಎಂದು ಇಟ್ಟ. ಆ ರಾತ್ರಿ ಸುದ್ದಿ ‘ವರ್ಗಾವಣೆ’ ಎಂಬ ಒಂದೇ ಪದದ ಶೀರ್ಷಿಕೆಯಲ್ಲಿ ಎರಡು ಸಾಲಾಗಿ ಹೋಯಿತು. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. ಜಮೀನನ್ನು ಅಳೆದು ಪ್ರತ್ಯೇಕಿಸಿ ದಾಖಲೆ ಸರಿಪಡಿಸುವ ಪೋಡಿ ದುರಸ್ತಿಗೆ ವರ್ಷಗಟ್ಟಲೆ ಅಲೆದಿದ್ದ ರೈತರ ಅರ್ಜಿಗಳನ್ನು ಆ ಅಧಿಕಾರಿ ಪಟ್ಟಿ ಮಾಡಿಸಿ, ಬಂದ ದಿನಾಂಕದ ಕ್ರಮದಲ್ಲೇ ಕಚೇರಿಯ ಗೋಡೆಗೆ ಅಂಟಿಸಿದ್ದರಂತೆ. ಯಾರ ಅರ್ಜಿಯೂ ಯಾರ ಅರ್ಜಿಯನ್ನೂ ಹಿಂದಿಕ್ಕುವಂತಿಲ್ಲ ಎಂದಿದ್ದರಂತೆ. ಹುಡುಗ ಆ ಗೋ‌ಡೆಯ ಫೋಟೊ ಕಳಿಸಿದ್ದ. ಹಾಳೆಯ ಅಂಚು ಮುದುರಿತ್ತು, ವಿಲೇವಾರಿಯಾದ ಹೆಸರುಗಳ ಮುಂದೆ ಕೆಂಪು ಶಾಯಿಯ ಸರಿಗುರುತು. ಅದನ್ನು ಮೂರು ಕಾಲಂ ಹಾಕಿದೆವು. ಸುದ್ದಿಯಲ್ಲಿ ಎಲ್ಲಿಯೂ ‘ಪ್ರಾಮಾಣಿಕ’ ಎಂಬ ಪದ ಇರಲಿಲ್ಲ. ಬೆಳಿಗ್ಗೆ ಓದುಗರೊಬ್ಬರು ಫೋನ್ ಮಾಡಿ ಕೇಳಿದ್ದು ಒಂದೇ: ಆ ಹಾಳೆ ಈಗಲೂ ಗೋಡೆ ಮೇಲೆ ಇದೆಯಾ?